ಮಲ್ಪೆಯಲ್ಲೊಂದು ಸ್ವಂತ ಬೋಟು

ಮುಂಬಯಿಯಲ್ಲಿ ಮೂವತ್ತು ವರ್ಷ ಕಳೆದಿದ್ದರೂ ಸಮುದ್ರದ ವಿಷಯದಲ್ಲಿ ನನ್ನ ತಿಳಿವಳಿಕೆ ಚೌಪಾಟಿಯ ಮರಳನ್ನು ದಾಟಿ ಮುಂದೆ ಹೋಗಿರಲಿಲ್ಲ. ಬಯಲುಸೀಮೆಯಲ್ಲಿ ಹುಟ್ಟಿ, ಊರ ಕೆರೆಯೇ ಲೋಕದ ದೊಡ್ಡ ನೀರೆಂದು ನಂಬಿ ಬೆಳೆದವನು ನಾನು. ಸಂಜೆಯ ಗಾಳಿಗೆಂದು ಕಡಲ ದಂಡೆಗೆ ಹೋಗಿ, ಕಡಲೆಕಾಯಿ ತಿಂದು, ಪೊಟ್ಟಣದ ಕಾಗದವನ್ನು ಓದಿ ಹಿಂದಿರುಗುವುದಷ್ಟೇ ನನ್ನ ಸಮುದ್ರಯಾನ. ಹೀಗಿರುವಾಗ, ಕಳೆದ ವರ್ಷ ಶ್ರಾವಣದ ಮೊದಲಲ್ಲಿ ಒಂದು ಸಂಜೆ, ನಮ್ಮ ಕಟ್ಟಡದಲ್ಲಿಯೇ ಇರುವ ಮೊಗವೀರ ಗೆಳೆಯರು ಬಂದು, "ಊರಿನಲ್ಲಿ ನನ್ನ ತಮ್ಮ ಸ್ವಂತ ಬೋಟು ಮಾಡಿದ್ದಾನೆ. ಹುಣ್ಣಿಮೆಗೆ ಸಮುದ್ರಪೂಜೆ, ಅದು ಕಳೆದು ಮೂರನೆಯ ದಿನ ಬೋಟು ಕಡಲಿಗೆ. ನೀವೂ ಬರಬೇಕು" ಎಂದರು.

"ನಾನು ಬಂದು ಮಾಡುವುದೇನು? ಈಜು ಕೂಡ ಬಾರದು" ಎಂದೆ.

"ಈಜು ಬೇಡ. ನೀವು ಬ್ಯಾಂಕಿನಲ್ಲಿ ಇದ್ದವರು. ಸಾಲದ ಕಾಗದವನ್ನು ಒಮ್ಮೆ ನೋಡಿ ಕೊಟ್ಟರೆ ಸಾಕು" ಎಂದರು ಅವರು, ನಗದೆ.

ಹೀಗೆ ಸಾಲದ ಕಾಗದದ ನೆಪದಲ್ಲಿ ನನಗೆ ಕಡಲಿನ ದರ್ಶನ ಒದಗಿತು.

ಕರಾವಳಿಯ ಮೊಗವೀರರಿಗೂ ಮುಂಬಯಿಗೂ ಇರುವ ನಂಟು ಇಂದಿನದಲ್ಲ. ಮೊಗವೀರ ವ್ಯವಸ್ಥಾಪಕ ಮಂಡಳಿಯು ಈ ನಗರದಲ್ಲಿ ೧೯೦೨ರಲ್ಲಿಯೇ ಹುಟ್ಟಿತು. ನಮ್ಮ ಕನ್ನಡ ಸಂಘಗಳಲ್ಲಿ ಎಷ್ಟೋ ಅದಕ್ಕೆ ಮೊಮ್ಮಕ್ಕಳಾಗಬಹುದು. ಹಿಂದಿನ ತಲೆಮಾರಿನವರು ಕರಾವಳಿಯ ಹಡಗು ಹತ್ತಿ ಬಂದರು. ಮುಂದಿನವರು ಬಸ್ಸಿನಲ್ಲಿ ಮೈಕೈ ನೋಯಿಸಿಕೊಂಡು ಬಂದರು. ೧೯೯೮ರಲ್ಲಿ ಕೊಂಕಣ ರೈಲು ಪೂರ್ತಿಯಾಗಿ ತೆರೆದ ಮೇಲೆ ಕುರ್ಲಾದಿಂದ ಮಧ್ಯಾಹ್ನ ಗಾಡಿ ಹತ್ತಿದರೆ ಮರುದಿನ ಬೆಳಿಗ್ಗೆ ಉಡುಪಿ. ಆ ಗಾಡಿಯ ಹೆಸರೂ ಮತ್ಸ್ಯಗಂಧ. ಮಹಾಭಾರತದ ಬೆಸ್ತರ ಮಗಳ ಹೆಸರನ್ನು ರೈಲಿಗೆ ಇಟ್ಟವರು ಯಾರೋ ತಿಳಿಯದು. ಬಹಳ ಯೋಚಿಸಿಯೇ ಇಟ್ಟಿರಬೇಕು. ಆ ಸಲ ನಮ್ಮ ಡಬ್ಬಿಯಲ್ಲಿ ಊರಿಗೆ ಹೊರಟವರ ಮಾತೆಲ್ಲ ಮೀನಿನ ದರ, ಮಳೆಯ ಲೆಕ್ಕ, ಮದುವೆಯ ಮುಹೂರ್ತ, ಈ ಮೂರರಲ್ಲಿಯೇ ಸುತ್ತುತ್ತಿದ್ದಿತು.

ಉಡುಪಿಯಿಂದ ಪಶ್ಚಿಮಕ್ಕೆ ಸುಮಾರು ಆರು ಕಿಲೋಮೀಟರು ಹೋದರೆ ಮಲ್ಪೆ. ಹೊಳೆಯೊಂದು ಕಡಲನ್ನು ಸೇರುವ ಸ್ಥಳ. ಎದುರಿಗೆ ಸಣ್ಣ ದ್ವೀಪಗಳು. ಅವುಗಳಲ್ಲೊಂದರಲ್ಲಿ ಬಿದನೂರಿನ ಬಸಪ್ಪನಾಯಕನು ಕಟ್ಟಿಸಿದ ದರಿಯಾ ಬಹಾದ್ದೂರಗಡವೆಂಬ ಕೋಟೆಯ ಉಳಿಕೆ ಇದೆ. ಇನ್ನೊಂದು ಕಡೆ ಸೇಂಟ್ ಮೇರಿ ದ್ವೀಪಗಳು. ೧೪೯೮ರಲ್ಲಿ ವಾಸ್ಕೋ ಡ ಗಾಮ ಅಲ್ಲಿಗೆ ಬಂದು ಆ ಹೆಸರಿಟ್ಟನೆಂಬ ಪ್ರತೀತಿ. ಬೆಂಕಿಯ ದ್ರವ ತಣಿದು ಕಂಬಕಂಬಗಳಾಗಿ ಒಡೆದ ಅಲ್ಲಿನ ಬಂಡೆಗಳನ್ನು ನೋಡಲು ದೂರದೂರದವರು ಬರುತ್ತಾರೆ. ಆದರೆ ಮಳೆಗಾಲದಲ್ಲಿ ದ್ವೀಪಕ್ಕೆ ದೋಣಿಯಿಲ್ಲ. ನನಗೆ ಅದು ಮಬ್ಬಿನಲ್ಲಿ ಕಪ್ಪು ಗೆರೆಯಾಗಿ ಕಂಡುದಷ್ಟೆ.

ಬಂದರನ್ನು ಮೊದಲ ಸಲ ಕಂಡಾಗ ನನಗೆ ನೀರೇ ಕಾಣಿಸಲಿಲ್ಲ. ಬೋಟಿಗೆ ಬೋಟು ತಾಗಿ, ಒಂದರ ಮೇಲಿಂದ ಇನ್ನೊಂದಕ್ಕೆ ಕಾಲಿಟ್ಟು ಹೊಳೆ ದಾಟಬಹುದೆನ್ನುವಷ್ಟು ನೂರಾರು ಬೋಟುಗಳು ಒತ್ತೊತ್ತಾಗಿ ನಿಂತಿದ್ದವು. ನಮ್ಮ ಪಶ್ಚಿಮ ಕರಾವಳಿಯಲ್ಲಿ ಜೂನ್ ಒಂದರಿಂದ ಜುಲೈ ಮೂವತ್ತೊಂದರವರೆಗೆ ೬೧ ದಿನ ಯಂತ್ರದ ಬೋಟುಗಳು ಮೀನು ಹಿಡಿಯುವಂತಿಲ್ಲ. ಅನೇಕ ಜಾತಿಯ ಮೀನುಗಳು ಮರಿಮಾಡುವ ಕಾಲವದು. ಕಡಲೂ ಆಗ ಯಾರ ಮಾತನ್ನೂ ಕೇಳುವುದಿಲ್ಲ. ನಾಡದೋಣಿಯವರಿಗೆ ಮಾತ್ರ ದಡದ ಸಮೀಪ ಅವಕಾಶವುಂಟು. ಸರಕಾರದ ಗಡುವು ಆಗಸ್ಟ್ ಒಂದಕ್ಕೆ ಮುಗಿದರೂ, ಸಮುದ್ರಪೂಜೆ ಆಗಲಿ, ಅಲೆ ಇಳಿಯಲಿ ಎಂದು ಕಾಯುವ ಬೋಟುಗಳು ಬಹಳ. ಹಾಗೆ ಕಾಯುತ್ತಿದ್ದವುಗಳಲ್ಲಿ ನಮ್ಮದೂ ಒಂದು. 'ನಮ್ಮದು' ಎಂದು ನಾನೂ ಎರಡನೆಯ ದಿನವೇ ಹೇಳತೊಡಗಿದ್ದೆ.

ಇಲ್ಲಿ ಒಂದು ಮಾತು ಹೇಳಬೇಕು. ಮಲ್ಪೆಯಲ್ಲಿ ದೋಣಿ ಬೇರೆ, ಬೋಟು ಬೇರೆ. ಹುಟ್ಟು ಹಾಕಿಯೋ ಸಣ್ಣ ಯಂತ್ರ ಕಟ್ಟಿಯೋ ದಡದ ಹತ್ತಿರ ಓಡಾಡುವುದು ದೋಣಿ. ಒಡಲಿನಲ್ಲಿ ದೊಡ್ಡ ಯಂತ್ರವನ್ನೂ ಮಂಜುಗಡ್ಡೆಯ ಉಗ್ರಾಣವನ್ನೂ ಹೊತ್ತು, ಹತ್ತು ದಿನ ದಡದ ಮುಖ ನೋಡದೆ ಕಡಲಿನಲ್ಲಿ ಇರಬಲ್ಲದ್ದು ಬೋಟು. ಗೆಳೆಯರ ತಮ್ಮ ಕೊಂಡದ್ದು ಹೊಸ ಬೋಟಲ್ಲ. ಹಳೆಯ ಮಾಲಿಕರಿಗೆ ವಯಸ್ಸಾಗಿದ್ದಿತು, ಮಕ್ಕಳು ಪರದೇಶದಲ್ಲಿ. ಹದಿನೈದು ವರ್ಷ ಕಡಲು ಕಂಡ ಆ ಮರದ ಬೋಟನ್ನು ಅವರು ಮಾರಲು ಹೊರಟಾಗ, ಅದನ್ನು ಕೊನೆಯ ಆರು ವರ್ಷ ನಡೆಸಿದ್ದ ತಾಂಡೇಲರೇ ತೆಗೆದುಕೊಂಡರು. ತಾಂಡೇಲನೆಂದರೆ ಬೋಟಿನ ನಾಯಕ. ದಿಕ್ಕು ಹಿಡಿಯುವವನು, ಎಲ್ಲಿ ಬಲೆ ಇಳಿಸಬೇಕೆಂದು ನಿಶ್ಚಯಿಸುವವನು.

ಹೊಸದಕ್ಕೆ ಏಕೆ ಹೋಗಲಿಲ್ಲವೆಂದು ಕೇಳಿದೆ. ೨೦೨೦ರಲ್ಲಿ ಆರಂಭವಾದ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯಲ್ಲಿ ಆಳಸಮುದ್ರದ ಒಂದು ಹೊಸ ಬೋಟಿಗೆ ೧.೨೦ ಕೋಟಿ ರೂಪಾಯಿಯ ಅಂದಾಜು ಹಾಕಿದ್ದರು. ಅದರಲ್ಲಿ ಸಾಮಾನ್ಯರಿಗೆ ಶೇಕಡ ೪೦, ಹೆಂಗಸರಿಗೂ ಪರಿಶಿಷ್ಟರಿಗೂ ಶೇಕಡ ೬೦ ಸಹಾಯ. "ಸಹಾಯ ಕಳೆದು ಉಳಿಯುವುದೇ ನಮಗೆ ಸಮುದ್ರ" ಎಂದರು ತಾಂಡೇಲರು. ಹಳೆಯ ಬೋಟಿನ ಬೆಲೆಯನ್ನು ನಾನು ಇಲ್ಲಿ ಬರೆಯುವುದಿಲ್ಲ. ಅದು ಅವರ ಮನೆಯ ಮಾತು. ತಾಂಡೇಲರ ಹೆಂಡತಿಯ ಕೊರಳು ಬರಿದಾಗಿದ್ದಿತು, ಗೆಳೆಯರ ಭವಿಷ್ಯನಿಧಿ ಕರಗಿದ್ದಿತು, ಮನೆಯ ಪತ್ರ ಬ್ಯಾಂಕಿನ ಕಪಾಟನ್ನು ಸೇರಿದ್ದಿತು ಎಂದರೆ ಸಾಕು.

ಮನೆಯ ಪತ್ರದ ಹಿಂದೆ ಒಂದು ಕಥೆಯೇ ಉಂಟು. ಇವರದು ಅಳಿಯಕಟ್ಟಿನ ಪದ್ಧತಿಯ ಮನೆತನ. ಕಾಯಿದೆ ಬದಲಾಗಿ ಬಹಳ ವರ್ಷಗಳಾದರೂ, ಮನೆ ಹೆಣ್ಣುಮಕ್ಕಳ ಸಾಲಿನಲ್ಲಿ ಬಂದದ್ದೆಂಬ ಭಾವನೆ ಹೋಗಿಲ್ಲ. ಆದುದರಿಂದ ಅಡವಿನ ಕಾಗದಕ್ಕೆ ತಾಯಿ, ತಂಗಿ ಇಬ್ಬರೂ ಒಪ್ಪಬೇಕಾಯಿತು. ತಂಗಿ ಎರಡು ವಾರ ಸಹಿ ಹಾಕಲಿಲ್ಲವಂತೆ. ಅಣ್ಣನ ಮೇಲೆ ಅಪನಂಬಿಕೆಯಿಂದಲ್ಲ. ಅವಳಿಗೆ ಇಬ್ಬರು ಹೆಣ್ಣುಮಕ್ಕಳು, ಆ ಮನೆ ನಾಳೆ ಅವರದು. ಕೊನೆಗೆ ಅವಳು ಒಂದು ಷರತ್ತು ಹಾಕಿದಳು. ಬೋಟು ಅಮ್ಮನ ಹೆಸರಿನಲ್ಲಿ ನೋಂದಣಿಯಾಗಬೇಕು. ಹಾಗೆಯೇ ಆಯಿತು. ಮೂವತ್ತು ವರ್ಷ ತಲೆಯ ಮೇಲೆ ಮೀನಿನ ಬುಟ್ಟಿ ಹೊತ್ತು ಮಣಿಪಾಲ, ಪರ್ಕಳದ ಮನೆಮನೆಗಳಿಗೆ ನಡೆದ ಎಪ್ಪತ್ತೆರಡು ವಯಸ್ಸಿನ ಆ ತಾಯಿ ಈಗ ಕಾಗದದ ಮೇಲೆ ಬೋಟಿನ ಒಡತಿ.

ಆ ತಾಯಿಯ ಬಾಯಿಂದಲೇ ನಾನು ರಂಪಣಿಯ ವಿಷಯ ಕೇಳಿದೆ. (ಅವರ ಮಾತು ತುಳು; ಗೆಳೆಯರು ಕನ್ನಡ ಮಾಡಿ ಹೇಳಿದಂತೆ ಇಲ್ಲಿ ಬರೆಯುತ್ತಿದ್ದೇನೆ.) ರಂಪಣಿಯೆಂದರೆ ದಡದಿಂದ ಎಳೆಯುವ ಮಹಾಬಲೆ. ಮೀನಿನ ಹಿಂಡು ದಡದ ಕಡೆಗೆ ಬಂದುದನ್ನು ನೀರಿನ ಬಣ್ಣದಿಂದಲೂ ಹಕ್ಕಿಗಳ ಹಾರಾಟದಿಂದಲೂ ತಿಳಿದು, ದೋಣಿಯಲ್ಲಿ ಬಲೆ ಹೇರಿಕೊಂಡು ಹೋಗಿ, ಹಿಂಡಿನ ಸುತ್ತ ಅರ್ಧಚಂದ್ರದಂತೆ ಬಿಟ್ಟು, ಎರಡು ತುದಿಗಳನ್ನೂ ದಡಕ್ಕೆ ತರುತ್ತಿದ್ದರು. ಅನಂತರ ಊರಿಗೆ ಊರೇ ಎರಡು ಸಾಲಾಗಿ ನಿಂತು ಹಗ್ಗ ಎಳೆಯುವುದು. ಬೂತಾಯಿ, ಬಂಗುಡೆ ರಾಶಿರಾಶಿಯಾಗಿ ಬೀಳುತ್ತಿದ್ದವು. ಕೊಳ್ಳುವವರಿಲ್ಲದೆ ಉಳಿದ ಬೂತಾಯಿ ತೆಂಗಿನ ಬುಡಕ್ಕೆ ಗೊಬ್ಬರವಾಗುತ್ತಿದ್ದ ದಿನಗಳೂ ಇದ್ದವು. ಬಂದುದರಲ್ಲಿ ಬಲೆಗೆ ಒಂದು ಪಾಲು, ದೋಣಿಗೆ ಒಂದು ಪಾಲು, ಎಳೆದ ಕೈಗಳಿಗೆಲ್ಲ ಪಾಲು. ಎಷ್ಟೋ ಕಡೆ ಬಲೆಯೇ ಕೂಟದ ಸ್ವತ್ತು. "ಆಗ ನಮ್ಮ ಬಲೆ ಎಂದರೆ ಊರಿನವರೆಲ್ಲರ ಬಲೆ. ನನ್ನ ಗಂಡ ಒಂದು ದಿನವೂ 'ನನ್ನ ಬಲೆ' ಎಂದು ಹೇಳಿದವರಲ್ಲ" ಎಂದರು ತಾಯಿ.

೧೯೫೦–೬೦ರ ಸುಮಾರಿಗೆ ಯಂತ್ರದ ದೋಣಿಗಳು ಒಂದೊಂದಾಗಿ ಕಾಣಿಸಿಕೊಂಡವು. ಕೇರಳದಲ್ಲಿ ೧೯೫೩ರಲ್ಲಿ ಕೆಲಸ ಆರಂಭಿಸಿದ ನಾರ್ವೆ ದೇಶದ ಸಹಾಯದ ಯೋಜನೆ ೧೯೬೩ರಲ್ಲಿ ನಮ್ಮ ಕಾರವಾರಕ್ಕೂ ಬಂದಿತು. ಹಾಯಿಯ ಕಾಲದಲ್ಲಿ ಬೆಳಗಿನ ನೆಲಗಾಳಿಯಲ್ಲಿ ಹೊರಟು ಮಧ್ಯಾಹ್ನದ ಕಡಲಗಾಳಿಯಲ್ಲಿ ಮರಳುವುದೇ ದಿನಚರಿ; ಗಾಳಿ ಕೊಂಡೊಯ್ದಷ್ಟೇ ದೂರ. ಯಂತ್ರ ಬಂದ ಮೇಲೆ ದೂರಕ್ಕೆ ಮಿತಿಯಿಲ್ಲದಾಯಿತು. ೧೯೭೦ರ ದಶಕದ ಉತ್ತರಾರ್ಧದಲ್ಲಿ ಪರ್ಸೀನ್ ಬೋಟುಗಳು ಬಂದವು. ಹಿಂಡು ದಡಕ್ಕೆ ಬರುವವರೆಗೆ ಕಾಯದೆ, ಕಡಲಿನಲ್ಲಿಯೇ ಅದನ್ನು ಸುತ್ತುವರಿದು, ಬಲೆಯ ತಳವನ್ನು ಹಣದ ಚೀಲದ ಬಾಯಿಯಂತೆ ಬಿಗಿದು ಮೇಲೆತ್ತುವ ಬಲೆಯದು. ಕೆಲವೇ ವರ್ಷಗಳಲ್ಲಿ ದೊಡ್ಡ ರಂಪಣಿಗಳು ಕೊಟ್ಟಿಗೆ ಸೇರಿದವು. ಈಗ ಅಲ್ಲಲ್ಲಿ ಕೈರಂಪಣಿ ಉಳಿದಿದೆ. ಎಳೆಯುವ ಕೈಗಳು ಕೆಲಸವಿಲ್ಲದೆ ನಿಂತಾಗ ಕೆಲವರು ಬೋಟುಗಳಿಗೆ ಕೂಲಿಯವರಾಗಿ ಹೋದರು, ಕೆಲವರು ಮುಂಬಯಿಯ ದಾರಿ ಹಿಡಿದರು. ಈ ಮನೆಯಲ್ಲಿ ಅಣ್ಣ ರೈಲು ಹತ್ತಿದರು. ತಮ್ಮ ಹದಿನಾಲ್ಕನೆಯ ವಯಸ್ಸಿಗೆ ಪರರ ಬೋಟಿನಲ್ಲಿ ಅಡುಗೆ ಹುಡುಗನಾದರು. ಅಡುಗೆಯಿಂದ ಕಲಾಸಿ, ಕಲಾಸಿಯಿಂದ ತಾಂಡೇಲ, ತಾಂಡೇಲನಿಂದ ಈಗ ಮಾಲಿಕ. ಇದಕ್ಕೆ ಮೂವತ್ತೊಂದು ವರ್ಷ ಹಿಡಿಯಿತು.

ಹುಣ್ಣಿಮೆಗೆ ಮುಂಚಿನ ದಿನ ಬೋಟನ್ನು ತೋರಿಸಿದರು. ಹಲಗೆಗಳ ಸಂದಿಗೆ ಹತ್ತಿ ತುಂಬಿ, ಹೊರಮೈಗೆ ಹೊಸ ಬಣ್ಣ ಬಳಿದಿದ್ದರು. ಹಿಂಭಾಗದಲ್ಲಿ ಎರಡು ಭಾರವಾದ ಹಲಗೆಗಳು ತೂಗುತ್ತಿದ್ದವು. ಬಲೆಯನ್ನು ಎಳೆಯುವಾಗ ಇವು ನೀರಿನ ಒತ್ತಡಕ್ಕೆ ಎಡಬಲಕ್ಕೆ ಸರಿದು ಬಲೆಯ ಬಾಯಿಯನ್ನು ತೆರೆದಿಡುತ್ತವೆ. ಎರಡು ಮೂರು ಗಂಟೆ ಎಳೆದು, ಉಕ್ಕಿನ ಹಗ್ಗವನ್ನು ಯಂತ್ರದ ರಾಟೆಗೆ ಸುತ್ತಿ, ಬಲೆ ಮೇಲೆತ್ತುತ್ತಾರೆ. ಬಲೆಯ ತುದಿಯ ಚೀಲವನ್ನು ತಾಂಡೇಲರು ಕೈಯಲ್ಲಿ ಹಿಡಿದು ತೋರಿಸಿದರು. ಸಾಮಾನ್ಯ ಬಲೆಯ ಕಣ್ಣು ಹರಳಿನಾಕಾರ. ಎಳೆತ ಬಿದ್ದೊಡನೆ ಮುಚ್ಚಿಕೊಳ್ಳುತ್ತದೆ, ಆಗ ಮರಿಮೀನು ತಪ್ಪಿಸಿಕೊಳ್ಳಲಾರದು. ಚೌಕಾಕಾರದ ಕಣ್ಣು ಎಳೆದರೂ ತೆರೆದೇ ಇರುತ್ತದೆ. ತಾಂಡೇಲರು ಚೌಕದ ಕಣ್ಣಿನ ಚೀಲವನ್ನೇ ಕಟ್ಟಿಸಿದ್ದರು. "ಮರಿ ಹಿಡಿದರೆ ಹಿಟ್ಟಿನ ಕಾರ್ಖಾನೆಗೆ ಹೋಗುತ್ತದೆ, ಕಿಲೋಗೆ ನಾಲ್ಕು ಕಾಸು. ಬಿಟ್ಟರೆ ಮುಂದಿನ ವರ್ಷ ಮೀನು. ಸಾಲ ಒಂದು ವರ್ಷದ್ದಲ್ಲ ನೋಡಿ" ಎಂದರು. ಬ್ಯಾಂಕಿನವನಾದ ನನಗೆ ಈ ಲೆಕ್ಕ ಬಹಳ ಹಿಡಿಸಿತು.

ಚುಕ್ಕಾಣಿಯ ಕೋಣೆ ನಮ್ಮ ಅಡುಗೆಮನೆಯ ಅರ್ಧದಷ್ಟು. ಅದರಲ್ಲಿ ದೇವರ ಪಟ, ದಿಕ್ಸೂಚಿ, ಉಪಗ್ರಹದಿಂದ ಜಾಗ ತೋರಿಸುವ ಯಂತ್ರ, ನೀರಿನ ಆಳವನ್ನೂ ಮೀನಿನ ಗುಂಪನ್ನೂ ಪ್ರತಿಧ್ವನಿಯಿಂದ ತೋರಿಸುವ ಯಂತ್ರ, ವಯರ್‌ಲೆಸ್. ಆಳವನ್ನು ಯಂತ್ರವು ಮೀಟರಿನಲ್ಲಿ ತೋರಿಸಿದರೂ ತಾಂಡೇಲರು ಹೇಳುವುದು ಮಾರಿನ ಲೆಕ್ಕದಲ್ಲಿಯೇ. ಹೈದರಾಬಾದಿನಲ್ಲಿ ೧೯೯೯ರಲ್ಲಿ ಸ್ಥಾಪನೆಯಾದ ಸಾಗರ ಮಾಹಿತಿ ಸೇವಾ ಕೇಂದ್ರವೊಂದಿದೆ. ಅಲ್ಲಿಯವರು ನೀರಿನ ಶಾಖವನ್ನೂ ಹಸುರಿನ ಅಂಶವನ್ನೂ ಆಕಾಶದಿಂದ ಅಳೆದು, ಮೀನು ಸೇರಬಹುದಾದ ಜಾಗಗಳನ್ನು ತಿಳಿಸುತ್ತಾರೆ. ಅಲೆ ಗಾಳಿಗಳ ಮುನ್ಸೂಚನೆಯನ್ನೂ ಕೊಡುತ್ತಾರೆ. ಸಮುದ್ರವೇ ಇಲ್ಲದ ಹೈದರಾಬಾದಿನಿಂದ ಸಮುದ್ರದ ಸುದ್ದಿ! ಅಲ್ಲಿರುವ ನಮ್ಮ ಕನ್ನಡಿಗರು ಇದಕ್ಕಾಗಿ ಸ್ವಲ್ಪ ಹೆಮ್ಮೆ ಪಡಬಹುದು. ಕಡಲಿಗೆ ಹೋಗುವವರೆಲ್ಲರ ಬಳಿ ಬೆರಳಚ್ಚಿನ ಗುರುತುಚೀಟಿಯೂ ಉಂಟು. ೨೦೦೮ರ ನವೆಂಬರ್ ೨೬ರಂದು ನಮ್ಮ ಮುಂಬಯಿಗೆ ಕಡಲ ಮಾರ್ಗದಿಂದ ಬಂದ ಆಪತ್ತಿನ ಫಲವದು.

ಹುಣ್ಣಿಮೆಯ ಬೆಳಿಗ್ಗೆ ಮಳೆ ಸ್ವಲ್ಪ ಬಿಡುವು ಕೊಟ್ಟಿತು. ಭಜನೆ ಹಾಡುತ್ತ ಜನ ವಡಭಾಂಡೇಶ್ವರದ ಬಲರಾಮನ ಸನ್ನಿಧಿಯಿಂದ ಕಡಲ ದಂಡೆಗೆ ಬಂದರು. ಹಾಲು, ಹೂವು, ತೆಂಗಿನಕಾಯಿ ಅಲೆಗೆ ಅರ್ಪಿತವಾದವು. ಏಳು ಶತಮಾನಗಳ ಹಿಂದೆ ಇದೇ ಕಡಲಿನಲ್ಲಿ ದ್ವಾರಕೆಯ ಕಡೆಯ ಹಡಗೊಂದು ಬಿರುಗಾಳಿಗೆ ಸಿಕ್ಕಾಗ, ದಡದಲ್ಲಿದ್ದ ಮಧ್ವಾಚಾರ್ಯರು ಬಟ್ಟೆ ಬೀಸಿ ಅದನ್ನು ಪಾರುಮಾಡಿದರೆಂದೂ, ನಾವಿಕನು ಕೊಟ್ಟ ಗೋಪೀಚಂದನದ ಗಡ್ಡೆಯಲ್ಲಿಯೇ ಉಡುಪಿಯ ಕೃಷ್ಣನು ದೊರೆತನೆಂದೂ ಐತಿಹ್ಯ. ಈ ಕಥೆಯನ್ನು ನಾನು ಚಿಕ್ಕಂದಿನಿಂದ ಕೇಳಿದ್ದೆ. ಕೃಷ್ಣನ ಮೇಲೆಯೇ ನನ್ನ ಗಮನ. ಆ ದಿನ ದಂಡೆಯಲ್ಲಿ ನಿಂತಾಗ, ಆ ಹಡಗಿನಲ್ಲಿ ಎಷ್ಟು ಮಂದಿ ಇದ್ದಿರಬಹುದು, ಅವರ ಮನೆಯವರು ಎಲ್ಲಿ ಕಾಯುತ್ತಿದ್ದಿರಬಹುದು ಎಂಬ ಯೋಚನೆ ಮೊದಲ ಸಲ ಬಂದಿತು.

ಮೂರನೆಯ ದಿನ ಬೆಳಗಿನ ಜಾವ ಬೋಟು ಹೊರಟಿತು. ಹಿಂದಿನ ರಾತ್ರಿಯೆಲ್ಲ ಕೆಲವು ಸಾವಿರ ಲೀಟರು ಡೀಸೆಲು ತುಂಬಿಸಿ, ಮಂಜುಗಡ್ಡೆಯನ್ನು ಪುಡಿಮಾಡಿ ಉಗ್ರಾಣಕ್ಕೆ ಸುರಿದು, ಹತ್ತು ದಿನಕ್ಕೆ ಅಕ್ಕಿ, ತರಕಾರಿ, ಕುಡಿಯುವ ನೀರು ಇಳಿಸಿದ್ದರು. ಒಟ್ಟು ಎಂಟು ಮಂದಿ. ತಾಂಡೇಲರನ್ನು ಬಿಟ್ಟರೆ ಊರಿನವರು ಒಬ್ಬರೇ. ಭಟ್ಕಳ, ಕುಮಟೆಯ ಕಡೆಯವರು ಮೂವರು, ಒಡಿಶಾದವರು ಮೂವರು. ಅವರಲ್ಲಿ ಅಡುಗೆಯವನು ಹತ್ತೊಂಬತ್ತರ ಹುಡುಗ. ತಾಯಿ ಎಂಟು ಮಂದಿಯ ಕೈಗೂ ಪ್ರಸಾದ ಕೊಟ್ಟರು. ಎಲ್ಲರಿಗೂ ಒಂದೇ ಮಾತು: "ಬಾ." ಹೋಗಿ ಬಾ ಎಂದು ಅವರು ಹೇಳುವುದಿಲ್ಲವಂತೆ.

ಅನಂತರ ದಡದಲ್ಲಿ ಉಳಿದವರ ದಿನಗಳು. ಇದನ್ನು ಯಾರೂ ನನಗೆ ಮೊದಲೇ ಹೇಳಿರಲಿಲ್ಲ. ದಡದಿಂದ ಕೆಲವು ಮೈಲಿ ದಾಟಿದ ಮೇಲೆ ಕೈಫೋನು ಸತ್ತ ಹಾಗೆ. ವಯರ್‌ಲೆಸ್ಸಿನ ಮಾತು ಬೋಟಿನಿಂದ ಬೋಟಿಗೆ ದಾಟಿ, ಮರಳಿ ಬರುವ ಬೋಟಿನವರ ಮೂಲಕ ದಡಕ್ಕೆ ಬರಬೇಕು. ಮನೆಯಲ್ಲಿ ತಂಗಿ ಬೆಳಿಗ್ಗೆ ಬಂದರಿಗೆ ಹೋಗಿ, ಬಂದ ಬೋಟಿನವರನ್ನು ಕೇಳಿ ಬರುತ್ತಿದ್ದಳು. "ಎರಡು ದಿನ ಖಾಲಿ ಎಳೆತ." "ನಿನ್ನೆ ಸ್ವಲ್ಪ ಮದಿಮಾಳ್ ಸಿಕ್ಕಿದೆಯಂತೆ." ಈ ತುಣುಕುಗಳ ಮೇಲೆ ಇಡೀ ಮನೆ ಒಂದು ದಿನ ಬದುಕುತ್ತಿದ್ದಿತು.

ರಾತ್ರಿ ಗಾಳಿ ಬೀಸಿದಾಗ ಯಾರೂ ಏನೂ ಹೇಳುತ್ತಿರಲಿಲ್ಲ, ಎಲ್ಲರೂ ಎಚ್ಚರವಾಗಿರುತ್ತಿದ್ದರು. ಮಲ್ಪೆಯಲ್ಲಿ ಇದಕ್ಕೆ ಕಾರಣವುಂಟು. ೨೦೧೮ರ ಡಿಸೆಂಬರಿನಲ್ಲಿ ಇಲ್ಲಿಂದ ಹೊರಟ ಸುವರ್ಣ ತ್ರಿಭುಜವೆಂಬ ಬೋಟು ಏಳು ಮಂದಿಯೊಂದಿಗೆ ಕಾಣೆಯಾಯಿತು. ಮನೆಯವರು ತಿಂಗಳುಗಟ್ಟಲೆ ಕಾದರು. ೨೦೧೯ರ ಮೇ ತಿಂಗಳಲ್ಲಿ ಮಹಾರಾಷ್ಟ್ರದ ಮಾಲ್ವಣದ ಆಚೆ ಕಡಲ ತಳದಲ್ಲಿ ನೌಕಾಪಡೆಯವರು ಬೋಟಿನ ಅವಶೇಷವನ್ನು ಕಂಡರು. ಆ ಏಳು ಮನೆಗಳ ಹೆಸರನ್ನು ಇಲ್ಲಿ ಯಾರೂ ಸುಮ್ಮನೆ ಎತ್ತುವುದಿಲ್ಲ.

ನಾಲ್ಕನೆಯ ದಿನ ಸಂಜೆ ಸಿಹಿಸುದ್ದಿ ಬಂದಿತು. ಬೊಂಡಾಸ್ ಸಿಕ್ಕಿದೆ, ಒಳ್ಳೆಯ ಎಳೆತ ಬೀಳುತ್ತಿದೆ. ಮಳೆಗಾಲ ಕಳೆದ ಹೊಸತರಲ್ಲಿ ಸಿಗುವ ಈ ಬೊಂಡಾಸ್ ಹೊರದೇಶಕ್ಕೆ ಹೋಗುವ ಸರಕು, ದರ ಚೆನ್ನಾಗಿರುತ್ತದೆ. ಗೆಳೆಯರು ಕಾಗದ ಪೆನ್ನು ತೆಗೆದರು. ಇನ್ನು ಐದು ದಿನ ಹೀಗೆಯೇ ನಡೆದರೆ ಡೀಸೆಲು ಕಳೆದು, ಮಂಜುಗಡ್ಡೆ ಕಳೆದು, ಜನರ ಪಾಲು ಕಳೆದು, ಮೊದಲ ಕಂತು ಕಟ್ಟಿ ಮಿಕ್ಕೀತು. ನಾನೂ ಕೂಡಿಸಿ ನೋಡಿದೆ, ಸರಿಯಾಗಿದ್ದಿತು.

ಅದೇ ರಾತ್ರಿ ಹವಾಮಾನ ಇಲಾಖೆಯ ಸೂಚನೆ ಬಂದಿತು. ಕರ್ನಾಟಕದ ಕರಾವಳಿಯಲ್ಲಿ ಬಿರುಸಾದ ಗಾಳಿ. ಮೀನುಗಾರರು ಕಡಲಿಗೆ ಇಳಿಯಬಾರದು, ಇಳಿದವರು ಮರಳಬೇಕು. ಇಂಥ ಸೂಚನೆ ಆಗಸ್ಟಿನಲ್ಲಿ ಅಪರೂಪವೇನಲ್ಲ. ಕೆಲವು ಬೋಟುಗಳು ಹತ್ತಿರದ ಬಂದರುಗಳ ಕಡೆ ತಿರುಗಿದವು. ಇನ್ನು ಕೆಲವು, ಮೀನು ಸಿಕ್ಕಿರುವಾಗ ಇನ್ನೆರಡು ಎಳೆತ ನೋಡೋಣವೆಂದು ನಿಂತವು. ನಮ್ಮ ಬೋಟು ಏನು ಮಾಡಿತೆಂದು ಬೆಳಗಾಗುವವರೆಗೆ ತಿಳಿಯಲಿಲ್ಲ. ತಾಯಿ ಜಗುಲಿಯಲ್ಲಿ ಕುಳಿತಿದ್ದರು. ಗೆಳೆಯರು ಒಳಗೂ ಹೊರಗೂ ನಡೆಯುತ್ತಿದ್ದರು. ತಂಗಿ ಒಮ್ಮೆ, "ಕಂತು ಯಾವ ತಾರೀಕಿಗೆ?" ಎಂದು ಕೇಳಿದಳು. ಯಾರೂ ಉತ್ತರ ಕೊಡಲಿಲ್ಲ. ನನಗೆ ತಾರೀಕು ಗೊತ್ತಿದ್ದಿತು; ಹೇಳಲು ಮನಸ್ಸಾಗಲಿಲ್ಲ.

ಐದನೆಯ ದಿನ ಮಧ್ಯಾಹ್ನ ಬೋಟು ಅಳಿವೆಯನ್ನು ದಾಟಿ ಒಳಗೆ ಬಂದಿತು. ಎಂಟು ಮಂದಿಯೂ ಹೊರಗೆ ನಿಂತಿದ್ದರು. ಉಗ್ರಾಣ ಅರ್ಧವೂ ತುಂಬಿರಲಿಲ್ಲ. ದಕ್ಕೆಯಲ್ಲಿ ಏಲಂ ಕೂಗಿದರು. ಮೀನಿನ ಹಣ ಡೀಸೆಲಿನ ಖರ್ಚಿಗೇ ಸಾಲದಾಯಿತು. ಆದರೂ ಜನರ ಭತ್ಯವನ್ನು ತಾಂಡೇಲರು ಅಂದೇ ಎಣಿಸಿ ಕೊಟ್ಟರು.

ಇನ್ನು ಸತ್ಯವನ್ನು ಹೇಳಬೇಕು. ಗಾಳಿ ಬಂದಿತು, ಆದರೆ ಹೆದರಿದಷ್ಟು ಬರಲಿಲ್ಲ. ಬಿರುಸೆಲ್ಲ ಬಡಗಣಕ್ಕೆ ಸರಿದುಹೋಯಿತು. ಕಡಲಿನಲ್ಲಿಯೇ ನಿಂತಿದ್ದ ಬೋಟುಗಳು ಮೂರು ದಿನ ಬಿಟ್ಟು ತುಂಬಿದ ಉಗ್ರಾಣದೊಂದಿಗೆ ಬಂದವು. ಎಲ್ಲವೂ ಒಟ್ಟಿಗೆ ಬಂದುದರಿಂದ ದರ ಸ್ವಲ್ಪ ಇಳಿದಿದ್ದಿತು. ಆದರೂ ಅವರಿಗೆ ಲಾಭವೇ. ಒಂದು ಬೋಟಿನವನು ನಮ್ಮ ತಾಂಡೇಲರನ್ನು ನೋಡಿ, "ಮಾಲಿಕರಾದ ಮೇಲೆ ಪುಕ್ಕಲರಾದಿರಿ" ಎಂದು ನಗೆಯಾಡಿದನು. ಅವರೂ ನಕ್ಕರು.

ನಾನು ಬ್ಯಾಂಕಿನಲ್ಲಿ ಸಾಲದ ಅರ್ಜಿಗಳನ್ನು ನೋಡುತ್ತ ಮುದುಕನಾದವನು. ನನ್ನ ಮನಸ್ಸು ಸುಮ್ಮನಿರಲಿಲ್ಲ. ಸಂಜೆ ಜಗುಲಿಯಲ್ಲಿ, "ಇನ್ನೊಂದು ದಿನ ನೋಡಬಹುದಿತ್ತಲ್ಲವೆ?" ಎಂದು ಕೇಳಿಯೇ ಬಿಟ್ಟೆ.

ತಾಂಡೇಲರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಹೇಳಿದರು: "ಬಹಳ ವರ್ಷ ಹಿಂದೆ ಬೇರೊಬ್ಬರ ಬೋಟಿನಲ್ಲಿ ಇದ್ದಾಗ ಹೀಗೆಯೇ ಸುದ್ದಿ ಬಂದಿತ್ತು. ದಡಕ್ಕೆ ಕೇಳಿಸಿದೆ. ಇನ್ನೊಂದು ದಿನ ನೋಡಿ ಎಂದು ಉತ್ತರ ಬಂತು. ನೋಡಿದೆವು. ಆ ರಾತ್ರಿ ಅಡುಗೆ ಹುಡುಗ ನನ್ನ ಕಾಲು ಹಿಡಿದುಕೊಂಡು ಕೂತಿದ್ದ, ಬೆಳಗಾಗುವ ತನಕ ಬಿಡಲಿಲ್ಲ. ಏನೂ ಆಗಲಿಲ್ಲ, ಎಲ್ಲರೂ ಬಂದೆವು. ಆಗ ನನಗೆ ಬೈಯಲು ಒಬ್ಬ ಮಾಲಿಕ ಇದ್ದ. ಮೊನ್ನೆ ರಾತ್ರಿ ನಮ್ಮ ಅಡುಗೆ ಹುಡುಗ ಬಂದು, ಏನು ಮಾಡುವುದು ಎಂದು ನನ್ನ ಮುಖ ನೋಡಿದ. ದಡಕ್ಕೆ ಕೇಳಿ ಹೇಳುತ್ತೇನೆ ಎನ್ನಲು ಯಾರಿದ್ದಾರೆ? ಬಲೆ ಎತ್ತಲು ಹೇಳಿದೆ."

ತಾಯಿ ಒಳಗಿನಿಂದ ಚಹ ತಂದಿಟ್ಟರು. "ಕಂತಿಗೆ ಗಡುವು ಕೇಳಬಹುದು" ಎಂದರು, ಯಾರಿಗೆಂದಿಲ್ಲದೆ. ತಂಗಿ ತಲೆ ಎತ್ತಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, ಸ್ವಸಹಾಯ ಸಂಘದಲ್ಲಿ ತನ್ನ ಹೆಸರಿನಲ್ಲಿ ಸ್ವಲ್ಪ ಉಳಿತಾಯವಿದೆ, ನಾಳೆ ಕೇಳಿ ನೋಡುತ್ತೇನೆ ಎಂದಳು. ಗೆಳೆಯರು ಮುಂಬಯಿಯಿಂದ ತಂದಿದ್ದ ತಮ್ಮ ಹಿಂದಿರುಗುವ ಖರ್ಚಿನ ಹಣವನ್ನು ಎಣಿಸಿದರು. ನಾನು ಮರುದಿನ ಬ್ಯಾಂಕಿಗೆ ಹೋಗಿ ಗಡುವಿನ ಅರ್ಜಿ ಬರೆದುಕೊಟ್ಟೆ. ಆ ಹನ್ನೆರಡು ದಿನಗಳಲ್ಲಿ ನಾನು ಮಾಡಿದ ಕೆಲಸವೆಂದರೆ ಇದೊಂದೇ. 'ವಿಳಂಬಕ್ಕೆ ಕಾರಣ' ಎಂಬ ಜಾಗದಲ್ಲಿ ಏನು ಬರೆಯಬೇಕೆಂದು ಬಹಳ ಹೊತ್ತು ಯೋಚಿಸಿ, 'ಎಂಟು ಮಂದಿ ಮನೆಗೆ ಬಂದರು' ಎಂದು ಬರೆಯಲು ಬರುವುದಿಲ್ಲವಾದುದರಿಂದ, 'ಹವಾಮಾನ ವೈಪರೀತ್ಯ' ಎಂದು ಬರೆದೆ.

ನಾನು ಹೊರಡುವ ದಿನ ಬೆಳಿಗ್ಗೆ ಬೋಟು ಎರಡನೆಯ ಸ್ವಾರಿಗೆ ಸಿದ್ಧವಾಗುತ್ತಿದ್ದಿತು. ಒಡಿಶಾದ ಆ ಹುಡುಗ ಅಕ್ಕಿಯ ಚೀಲವನ್ನು ಹೆಗಲ ಮೇಲೆ ಹೊತ್ತು, ಯಾವುದೋ ಹಾಡು ಗುನುಗುತ್ತ ಹಲಗೆ ದಾಟುತ್ತಿದ್ದನು. ಬೇರೆ ಕೆಲಸಕ್ಕೆ ಹೋಗದೆ ಏಳು ಮಂದಿಯೂ ಮತ್ತೆ ಬಂದಿದ್ದರು. ಒಳ್ಳೆಯ ಜನ ಸಿಗುವುದು ಮೀನು ಸಿಗುವುದಕ್ಕಿಂತ ಕಷ್ಟವೆಂದು ದಕ್ಕೆಯಲ್ಲಿ ಎಲ್ಲರೂ ಹೇಳುವ ಮಾತು.

ಊರಿಗೆ ಹೋಗುವ ನಮ್ಮ ಓದುಗರು ಉಡುಪಿಯಲ್ಲಿ ಕೃಷ್ಣನ ದರ್ಶನವಾದ ಮೇಲೆ ಒಂದು ಬೆಳಿಗ್ಗೆ ಮಲ್ಪೆಯ ದಕ್ಕೆಗೂ ಹೋಗಿಬರಬೇಕು. ಮಕ್ಕಳನ್ನೂ ಕರೆದುಕೊಂಡು ಹೋಗಿರಿ. ಬೇಗ ಹೋಗಿರಿ, ಏಲಂ ಬೆಳಿಗ್ಗೆಯೇ ಬಿರುಸು. ಹಳೆಯ ಚಪ್ಪಲಿ ಹಾಕಿಕೊಳ್ಳಿರಿ, ನೆಲವೆಲ್ಲ ಮೀನಿನ ನೀರು. ಮೂಗಿಗೆ ಕರವಸ್ತ್ರ ಹಿಡಿಯದಿದ್ದರೆ ಒಳ್ಳೆಯದು. ಹತ್ತು ನಿಮಿಷದಲ್ಲಿ ಅಭ್ಯಾಸವಾಗುತ್ತದೆ. ಮಳೆಗಾಲ ಕಳೆದ ಮೇಲೆ ಹೋದರೆ ದ್ವೀಪವನ್ನೂ ನೋಡಬಹುದು.

ಕಳೆದ ವಾರ ಗೆಳೆಯರು ಮೆಟ್ಟಿಲಿನಲ್ಲಿ ಸಿಕ್ಕಿದ್ದರು. ಮೊದಲ ಕಂತು ತಡವಾಗಿ ಸಂದಿತು. ಆಮೇಲಿನವು ಸರಿಯಾಗಿ ನಡೆದಿವೆ. ಊರಿನಿಂದ ಪ್ರತಿ ಸ್ವಾರಿ ಮುಗಿದಾಗಲೂ ಅವರಿಗೆ ಒಂದು ಸಂದೇಶ ಬರುತ್ತದೆ. ಎಷ್ಟು ಮೀನು, ಯಾವ ದರ ಎಂಬುದೆಲ್ಲ ಆಮೇಲೆ. ಮೊದಲ ಸಾಲಿನಲ್ಲಿ ಯಾವಾಗಲೂ ಒಂದೇ: "ಎಂಟೂ ಜನ ಬಂದೆವು."